ಕಂತಿನ ಸೈಟು: ಟೋಕನ್‌ನಿಂದ ರಿಜಿಸ್ಟ್ರೇಷನ್‌ವರೆಗೆ

ಭಾನುವಾರ ಬೆಳಿಗ್ಗೆ ಗಾಡಿ ಮನೆ ಹತ್ತಿರಕ್ಕೇ ಬರುತ್ತದೆ. ಲೇಔಟ್ ದೇವನಹಳ್ಳಿ ಕಡೆಯೋ ಹೊಸಕೋಟೆ, ಆನೇಕಲ್, ನೆಲಮಂಗಲ ಕಡೆಯೋ ಇರುತ್ತದೆ. ಕಲ್ಲು ನೆಟ್ಟಿರುತ್ತಾರೆ, ಕಮಾನು ಎದ್ದಿರುತ್ತದೆ, ಒಂದು ರಸ್ತೆಗೆ ಡಾಂಬರು ಬಿದ್ದಿರುತ್ತದೆ. ಶಾಮಿಯಾನದಡಿ ಏಜೆಂಟ್ ನಕ್ಷೆ ಬಿಡಿಸಿ ಹೇಳುವುದು ಹೆಚ್ಚುಕಮ್ಮಿ ಇಷ್ಟೇ: “ಸರ್, ಇವತ್ತು ಒಂದು ಲಕ್ಷ ಟೋಕನ್ ಹಾಕಿ ನಂಬರ್ ಬ್ಲಾಕ್ ಮಾಡ್ಕೊಳ್ಳಿ. ಆಮೇಲೆ ತಿಂಗಳಿಗೆ ಹತ್ತು ಸಾವಿರ, ಮೂವತ್ತಾರು ಕಂತು. ಉಳಿದಿದ್ದು ರಿಜಿಸ್ಟ್ರೇಷನ್ ದಿನ. ಲೋನ್ ಟೆನ್ಶನ್ ನಮಗೆ ಬಿಡಿ.”

ಈ ಮಾತು ಪೂರ್ತಿ ಸುಳ್ಳಾಗಿರಬೇಕೆಂದೇನಿಲ್ಲ. ಕಂತಿನಲ್ಲಿ ಸೈಟು ಮಾಡಿಕೊಂಡು ಮನೆ ಕಟ್ಟಿದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಸಣ್ಣ ಸಂಬಳದವರ ದುಡ್ಡು ಈ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು, ಒಬ್ಬರಾದ ಮೇಲೊಬ್ಬರ ಕಾಗದ ಓದುತ್ತಾ ಬಂದರೆ ಸ್ಪಷ್ಟವಾಗಿ ಕಾಣುತ್ತದೆ. ದುಡ್ಡು ಯಾರ ಖಾತೆಗೆ ಹೋಯಿತು, ಯಾವ ಆಸ್ತಿಗೆಂದು ಹೋಯಿತು, ಯಾವ ತಾರೀಕಿನೊಳಗೆ ಏನಾಗಬೇಕು ಎಂಬ ಮೂರು ವಿಷಯ ಕಾಗದದ ಮೇಲೆ ಇದ್ದರೆ ಕಟ್ಟಿದ್ದು ಮುಂಗಡ. ಇಲ್ಲದಿದ್ದರೆ ಅದು ಬರೀ ಕೈಸಾಲ, ಅದೂ ಬಡ್ಡಿಯಿಲ್ಲದ ಕೈಸಾಲ.

ಟೋಕನ್ ಕೊಡುವ ಮುಂಚೆ ಲೆಕ್ಕ ಮಾಡಲೇಬೇಕು. ಅದನ್ನು ಶಾಮಿಯಾನದಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ. 30×40 ಸೈಟು, ಅಂದರೆ 1,200 ಚದರಡಿ. ಚದರಡಿಗೆ 2,500 ಎಂದಿಟ್ಟುಕೊಂಡರೆ ಬೆಲೆ 30 ಲಕ್ಷ. ಟೋಕನ್ 1 ಲಕ್ಷ, ಮೂವತ್ತಾರು ಕಂತಿಗೆ 3.6 ಲಕ್ಷ, ಒಟ್ಟು 4.6 ಲಕ್ಷ. ಕೊನೆಯ ಕಂತು ಮುಗಿದ ದಿನ ಇನ್ನೂ 25.4 ಲಕ್ಷ ಬಾಕಿ. ಬ್ಯಾಂಕು ಸೈಟಿಗೆ ಬೆಲೆಯ ಶೇ 75ರಷ್ಟು ಸಾಲ ಕೊಟ್ಟಿತು ಎನ್ನೋಣ, 22.5 ಲಕ್ಷ ಬರುತ್ತದೆ. (ಮೂವತ್ತು ಲಕ್ಷದವರೆಗಿನ ಗೃಹಸಾಲಕ್ಕೆ ಶೇ 90ರವರೆಗೆ ಕೊಡಬಹುದು ಎಂಬ ರಿಸರ್ವ್ ಬ್ಯಾಂಕ್ ಮಿತಿ ಮನೆಗೆ. ಖಾಲಿ ಸೈಟಿಗೆ ಬ್ಯಾಂಕುಗಳು ಕೈ ಬಿಗಿ ಹಿಡಿಯುತ್ತವೆ.) ಅಂದರೆ ಬೆಲೆಯಲ್ಲೇ ನಿಮ್ಮ ಕೈಯಿಂದ 7.5 ಲಕ್ಷ ಬೇಕು.

ಅದರ ಮೇಲೆ ನೋಂದಣಿ ಖರ್ಚು. ಮುದ್ರಾಂಕ ಶುಲ್ಕ ಶೇ 5, ಅಂದರೆ 1,50,000. ಆ ಶುಲ್ಕದ ಮೇಲೆ ಶೇ 10 ಸೆಸ್, 15,000. ಪಂಚಾಯಿತಿ ವ್ಯಾಪ್ತಿಯಾದರೆ ಶೇ 3 ಸರ್‌ಚಾರ್ಜ್, 4,500. ನಗರ ವ್ಯಾಪ್ತಿಯಾದರೆ ಶೇ 2. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ, ಅಂದರೆ 60,000. ಎಲ್ಲಾ ಸೇರಿ 2,29,500. ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ಖರೀದಿ ಬೆಲೆಗಿಂತ ಜಾಸ್ತಿಯಿದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ. ಈ ಖರ್ಚಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಹೊಸ ಫ್ಲಾಟಿನ ಮೊದಲ ಮಾರಾಟಕ್ಕೆ 45 ಲಕ್ಷದವರೆಗೆ ಇರುವ ಕಡಿಮೆ ದರ ಸೈಟಿಗೆ ಸಿಗುವುದೂ ಇಲ್ಲ.

ಹಾಗಾಗಿ ಬೇಕಾದ ಸ್ವಂತ ದುಡ್ಡು 9.8 ಲಕ್ಷದ ಹತ್ತಿರ. ಸ್ಕೀಮಿನಲ್ಲಿ ಕೂಡಿದ್ದು 4.6 ಲಕ್ಷ. ಕೊರತೆ 5.2 ಲಕ್ಷ. ಮೂರು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ ಮನೆಯವರು ಕೊನೆಯ ತಿಂಗಳಲ್ಲಿ ಒಡವೆ ಗಿರವಿ ಇಡುವುದು ಈ ಐದು ಲಕ್ಷಕ್ಕೇ. ಸಾಲದ ಕಂತೂ ಅಷ್ಟೇ: 22.5 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 15 ವರ್ಷಕ್ಕೆ ತಿಂಗಳಿಗೆ ಸುಮಾರು 22,150. ಹತ್ತು ಸಾವಿರ ಕಟ್ಟುವುದಕ್ಕೇ ತಿಂಗಳ ಖರ್ಚು ಹಿಡಿತಕ್ಕೆ ತಂದವರು ಇಪ್ಪತ್ತೆರಡು ಸಾವಿರ ಎಲ್ಲಿಂದ ತರಬೇಕು? ಸಾಲ ಸಿಗದಿದ್ದರೆ “ಗಡುವಿನೊಳಗೆ ಬಾಕಿ ಕಟ್ಟದಿದ್ದಲ್ಲಿ ಮುಂಗಡ ಮುಟ್ಟುಗೋಲು” ಎಂಬ ಶರತ್ತು ಕಾದಿರುತ್ತದೆ. ಸ್ಕೀಮಿಗೆ ಸೇರುವ ಮುಂಚೆಯೇ ಬ್ಯಾಂಕಿಗೆ ಹೋಗಿ, ನಿಮ್ಮ ಸಂಬಳದ ಚೀಟಿ ತೋರಿಸಿ, ಆ ಲೇಔಟಿಗೆ ಸಾಲ ಕೊಡುತ್ತೀರಾ, ನನಗೆ ಎಷ್ಟು ಕೊಡುತ್ತೀರಾ ಎಂದು ಕೇಳಿಬಿಡಿ. ಇದಕ್ಕೆ ಕಾಸು ಖರ್ಚಿಲ್ಲ. ಬ್ಯಾಂಕು ಆ ಲೇಔಟನ್ನು ಮುಟ್ಟುವುದಿಲ್ಲ ಎಂದರೆ ಕಾಗದದಲ್ಲಿ ಏನೋ ಊನವಿದೆ ಎಂದೇ ತಿಳಿದುಕೊಳ್ಳಿ.

ಇನ್ನು ರಸೀದಿ. ಸಾಮಾನ್ಯವಾಗಿ ಸಿಗುವುದು ಕಾರ್ಬನ್ ಇಟ್ಟು ಬರೆದ, ಅಂಗೈ ಅಗಲದ ಚೀಟಿ. ಮೇಲೆ ಮಾರ್ಕೆಟಿಂಗ್ ಕಂಪನಿಯ ಹೆಸರು ದಪ್ಪಕ್ಷರದಲ್ಲಿ, ಕೆಳಗೆ “ಸೈಟ್ ಬುಕಿಂಗ್ ಬಾಬ್ತು” ಎಂಬ ಒಂದು ಸಾಲು, ಮೊತ್ತ, ಗೀಚಿದ ಸಹಿ. ಇನ್ನೂ ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ “ಈ ಹಣವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ”. ಸೈಟ್ ನಂಬರ್ ಇಲ್ಲ, ಸರ್ವೆ ನಂಬರ್ ಇಲ್ಲ, ಜಮೀನಿನ ಮಾಲೀಕರ ಹೆಸರಿಲ್ಲ, ಚದರಡಿ ದರ ಇಲ್ಲ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಇಲ್ಲ. ನಾಳೆ ದರ ಏರಿತು ಎಂದರೆ ಈ ಚೀಟಿ ಇಟ್ಟುಕೊಂಡು ಏನನ್ನೂ ಸಾಧಿಸಲಾಗದು.

ಕೇಳಿ ಬರೆಸಿಕೊಳ್ಳಬೇಕಾದ್ದು ಹೀಗಿರಬೇಕು: ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಲೇಔಟಿನಲ್ಲಿ ಸೈಟ್ ನಂಬರ್ ಇಷ್ಟು, ಅಳತೆ ಇಷ್ಟು, ಚದರಡಿಗೆ ಇಷ್ಟು ರೂಪಾಯಿಯಂತೆ ಒಟ್ಟು ಇಷ್ಟಕ್ಕೆ ಮಾತಾಗಿ, ಅದರ ಪೈಕಿ ಈ ದಿನ ಇಷ್ಟು ಮುಂಗಡ ಬ್ಯಾಂಕ್ ಮೂಲಕ ಸಂದಿದೆ, ಇಂಥ ತಾರೀಕಿನೊಳಗೆ ಕರಾರು ಪತ್ರ ನೋಂದಾಯಿಸಿಕೊಡುತ್ತೇವೆ, ಕಾಗದಪತ್ರ ಸರಿಯಿಲ್ಲವೆಂದು ಖರೀದಿದಾರರ ವಕೀಲರು ಹೇಳಿದರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಇಷ್ಟು ದಿನದೊಳಗೆ ಪೂರ್ತಿ ವಾಪಸ್ ಕೊಡುತ್ತೇವೆ. ಎ4 ಹಾಳೆಯಲ್ಲಿ ಅರ್ಧ ಪುಟ. ಕೊನೆಯ ಎರಡು ಸಾಲಿಗೆ ಏಜೆಂಟರು ಬೇಗ ಒಪ್ಪುವುದಿಲ್ಲ. “ನಮ್ಮ ಫಾರ್ಮ್ಯಾಟ್ ಹೀಗೇ ಇರೋದು ಅಕ್ಕಾ” ಅನ್ನುತ್ತಾರೆ. ಅದಕ್ಕೆ ಉತ್ತರ, “ಹಾಗಾದ್ರೆ ಫಾರ್ಮ್ಯಾಟ್ ಬದಲಾದ್ಮೇಲೆ ಫೋನ್ ಮಾಡಿ.” ಸೈಟು ಅಷ್ಟರೊಳಗೆ ಓಡಿಹೋಗುವುದಿಲ್ಲ. ಪಕ್ಕದ ಸಾಲಿನಲ್ಲೇ ಇನ್ನೊಂದು ಇರುತ್ತದೆ.

ದುಡ್ಡು ಹೋಗಬೇಕಾದ್ದು ಜಮೀನಿನ ಮಾಲೀಕರ ಅಥವಾ ಡೆವಲಪರ್ ಹೆಸರಿನ ಖಾತೆಗೆ, ಅದರಲ್ಲೂ ರೇರಾದಲ್ಲಿ ಆ ಯೋಜನೆಗೆಂದು ತೋರಿಸಿರುವ ಖಾತೆಗೆ. ಖರೀದಿದಾರರಿಂದ ಬಂದ ಹಣದ ಶೇ 70ನ್ನು ಆ ಪ್ರತ್ಯೇಕ ಖಾತೆಯಲ್ಲಿಟ್ಟು, ಜಮೀನು ಮತ್ತು ಕಾಮಗಾರಿಗೆ ಮಾತ್ರ ತೆಗೆಯಬೇಕೆಂದು ಕಾನೂನು ಹೇಳುತ್ತದೆ. ಏಜೆಂಟಿನ ಸ್ವಂತ ಯುಪಿಐಗೆ, ಮಾರ್ಕೆಟಿಂಗ್ ಸಂಸ್ಥೆಯ ಚಾಲ್ತಿ ಖಾತೆಗೆ ಹಾಕಿದ ದುಡ್ಡಿಗೆ ಈ ರಕ್ಷಣೆಯಿಲ್ಲ. ಮುಂದೆ ಡೆವಲಪರ್ “ನಮಗೆ ಬಂದೇ ಇಲ್ಲ” ಎಂದುಬಿಟ್ಟರೆ ಬಂದಿತ್ತು ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ನಗದು ಕೊಡಲೇಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಮತ್ತು ಮೇಲ್ಪಟ್ಟು ನಗದು ಮುಂಗಡ ತೆಗೆದುಕೊಳ್ಳುವಂತೆಯೇ ಇಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ.

ರೇರಾ ನಂಬರ್ ನೋಡುವುದು ಐದು ನಿಮಿಷದ ಕೆಲಸ, ಆದರೂ ಜನ ಮೋಸ ಹೋಗುವುದು ಇಲ್ಲೇ. ಕರ್ನಾಟಕ ರೇರಾದ ನೋಂದಣಿ ಸಂಖ್ಯೆ ಪಿಆರ್‌ಎಂ/ಕೆಎ/ರೇರಾ ಎಂದು ಶುರುವಾಗುತ್ತದೆ. ನಡುವೆ ಪಿಆರ್ ಎಂದಿದ್ದರೆ ಯೋಜನೆಯದು, ಎಜಿ ಎಂದಿದ್ದರೆ ಏಜೆಂಟಿನದು. ಬ್ರೋಷರ್ ಮೇಲೆ “ರೇರಾ ಅಪ್ರೂವ್ಡ್” ಎಂದು ಹಾಕಿ, ಕೆಳಗೆ ಏಜೆಂಟಿನ ನಂಬರ್ ಕೊಟ್ಟಿರುವುದುಂಟು. ಎರಡೂ ಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಜಾಗ, ಅಂದರೆ ಐದು ಗುಂಟೆಗೆ ಸ್ವಲ್ಪ ಕಡಿಮೆ, ಲೇಔಟ್ ಮಾಡಿ ಮಾರುವುದಾದರೆ ನೋಂದಣಿ ಕಡ್ಡಾಯ. ನೋಂದಣಿಗೆ ಮುಂಚೆ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ನೋಂದಣಿಯಿಲ್ಲದ ಯೋಜನೆಯನ್ನು ಏಜೆಂಟ್ ಮಾರಿಸುವಂತೆಯೂ ಇಲ್ಲ. “ಪ್ರೀ-ಲಾಂಚ್ ರೇಟ್, ರೇರಾ ಇನ್ನೇನು ಬರುತ್ತೆ” ಎಂದು ಕಂತು ಕೀಳುವುದು ನೇರವಾಗಿ ಕಾನೂನುಬಾಹಿರ. ರೇರಾ ಜಾಲತಾಣದಲ್ಲಿ ಯೋಜನೆ ತೆರೆದು ಸರ್ವೆ ನಂಬರ್, ಮುಗಿಸುವ ಗಡುವು, ಸೈಟುಗಳ ಪಟ್ಟಿ, ಅನುಮೋದಿತ ನಕ್ಷೆ ಇಳಿಸಿಕೊಳ್ಳಿ. ಶಾಮಿಯಾನದ ನಕ್ಷೆಯನ್ನು ಅದರ ಪಕ್ಕ ಇಟ್ಟು ನಿಮ್ಮ ಸೈಟ್ ನಂಬರ್ ಹುಡುಕಿ. ಅನುಮೋದಿತ ನಕ್ಷೆಯಲ್ಲಿ ಪಾರ್ಕ್, ಸಿ.ಎ. (ನಾಗರಿಕ ಸೌಲಭ್ಯದ) ಜಾಗ ಎಂದಿರುವ ಕಡೆ ಶಾಮಿಯಾನದ ನಕ್ಷೆಯಲ್ಲಿ ಸೈಟು ಕಾಣಿಸಿದರೆ ಅಲ್ಲಿಗೇ ಎದ್ದು ಬನ್ನಿ. ಯೋಜನಾ ಪ್ರಾಧಿಕಾರ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ನಿಮ್ಮ ನಂಬರ್ ಬಿಡುಗಡೆ ಪತ್ರದಲ್ಲಿ ಇದೆಯೇ ಎಂಬುದನ್ನೂ ಕೇಳಬೇಕು.

ಜಮೀನಿನ ಕಾಗದ ಟೋಕನ್ ಆದ ಕೂಡಲೇ, ಎರಡನೇ ಕಂತಿಗೆ ಮುಂಚೆ ವಕೀಲರಿಗೆ ಕೊಡಬೇಕು. ಪಹಣಿ, ಮ್ಯುಟೇಷನ್, ಮೂಲ ಕ್ರಯಪತ್ರಗಳು, ವಂಶವೃಕ್ಷ, ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿಯ ಭೂಪರಿವರ್ತನೆ ಆದೇಶ, ನಕ್ಷೆ ಅನುಮೋದನೆ, ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ). ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ಇ.ಸಿ. ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕೂ ಹಿಂದಿನದು ಬೇಕಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಮಂಜೂರಾದ ಜಮೀನು ಆಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ನೆಲವನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಕ್ರಯವೇ ರದ್ದಾಗಬಹುದು. ಪಂಚಾಯಿತಿ ಸೈಟಿಗೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿ “ಎಲ್ಲಾ ಒಂದೇ ಸರ್” ಎಂದರೆ ನಂಬಬೇಡಿ. ಅದು ಅಧಿಕೃತ ವಿನ್ಯಾಸದ ಸೈಟಿನ ಕಾಗದ ಅಲ್ಲ. ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಿಕೊಡುತ್ತೇವೆ ಎನ್ನುವವರ ಹತ್ತಿರ ಕಂತು ಶುರುಮಾಡಲೇಬೇಡಿ. ಜಿ.ಪಿ.ಎ. ಮತ್ತು ಕರಾರಿನಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಈಗ ಕಂತಿನ ನಡುವೆ ಬರುವ, ಬಹುತೇಕ ಜನ ಗಮನಿಸದ ಒಂದು ತಿರುವು. ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ಲಿಖಿತ ಕರಾರು ಮಾಡಿ ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ಪ್ರವರ್ತಕರು, ಅಂದರೆ ಡೆವಲಪರ್, ತೆಗೆದುಕೊಳ್ಳುವಂತಿಲ್ಲ. ಮೇಲಿನ ಲೆಕ್ಕದಲ್ಲಿ ಶೇ 10 ಅಂದರೆ 3 ಲಕ್ಷ. ಟೋಕನ್ 1 ಲಕ್ಷ, ಇಪ್ಪತ್ತು ಕಂತಿಗೆ 2 ಲಕ್ಷ. ಅಲ್ಲಿಗೆ ಮಿತಿ ಮುಟ್ಟಿತು. ಇಪ್ಪತ್ತೊಂದನೇ ಕಂತು ಕೊಡುವ ಮುಂಚೆ ಕರಾರು ನೋಂದಣಿ ಆಗಿರಲೇಬೇಕು. ನಿಮ್ಮ ಸ್ಕೀಮಿಗೆ ಈ ಕಂತು ಯಾವುದು ಎಂದು ಲೆಕ್ಕಹಾಕಿ ಕಂತಿನ ಪಾಸ್‌ಬುಕ್ಕಿನ ಆ ಸಾಲಿಗೆ ಕೆಂಪು ಗೆರೆ ಎಳೆದಿಡಿ.

ನೋಂದಣಿಗೆ ಇಷ್ಟು ಒತ್ತು ಯಾಕೆಂದರೆ, ನೋಟರಿ ಮಾಡಿಸಿದ ಕರಾರು ಇ.ಸಿ.ಯಲ್ಲಿ ಕಾಣಿಸುವುದಿಲ್ಲ. ಅದೇ ಸೈಟನ್ನು ಇನ್ನೊಬ್ಬರಿಗೆ ಕೊಟ್ಟರೂ ಅವರು ತೆಗೆದ ಇ.ಸಿ. ಶುದ್ಧವಾಗಿಯೇ ಬರುತ್ತದೆ. ನೋಂದಾಯಿಸಿದರೆ ನಿಮ್ಮ ಹೆಸರು ಇ.ಸಿ.ಯಲ್ಲಿ ಕೂರುತ್ತದೆ, ಮುಂದೆ ಬಂದವರು ನಿಮ್ಮನ್ನು ದಾಟಿಯೇ ಹೋಗಬೇಕು. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಕರಾರನ್ನು ಕೋರ್ಟು ಮೊದಲು ಜಪ್ತಿ ಮಾಡಿ, ಕೊರತೆಯ ಹತ್ತರಷ್ಟು ದಂಡ ವಸೂಲಿ ಮಾಡಿದ ಮೇಲಷ್ಟೇ ಸಾಕ್ಷಿಯಾಗಿ ತೆಗೆದುಕೊಳ್ಳುತ್ತದೆ. ಸಾವಿರಾರು ರೂಪಾಯಿ ಉಳಿಸಲು ಹೋಗಿ ಲಕ್ಷಗಳ ದಾಖಲೆಯನ್ನು ಕುಂಟು ಮಾಡಿಕೊಳ್ಳುವ ಈ ಚಾಳಿ ನಮ್ಮಲ್ಲಿ ತುಂಬಾ ಇದೆ. ಕರಾರಿಗೆ ಸಹಿ ಮಾಡುವವರು ಪಹಣಿಯಲ್ಲಿರುವ ಎಲ್ಲಾ ಹಕ್ಕುದಾರರೂ ಹೌದೇ, ಡೆವಲಪರ್ ಪರವಾಗಿ ಬಂದವರಿಗೆ ನೋಂದಾಯಿತ ಜಂಟಿ ಅಭಿವೃದ್ಧಿ ಒಪ್ಪಂದದ ಅಧಿಕಾರ ಇದೆಯೇ ಎಂಬುದನ್ನು ವಕೀಲರ ಬಾಯಿಂದಲೇ ಕೇಳಿ ತಿಳಿಯಿರಿ.

ಕೆಲವು ಸ್ಕೀಮುಗಳ ಹತ್ತಿರಕ್ಕೂ ಹೋಗಬಾರದು. ಪ್ರತಿ ತಿಂಗಳು ಲಕ್ಕಿ ಡ್ರಾ ಎತ್ತಿ, ಗೆದ್ದವರು ಮುಂದಿನ ಕಂತು ಕಟ್ಟಬೇಕಿಲ್ಲ, ಸೈಟು ಪುಕ್ಕಟೆ ಎನ್ನುವುದು 1978ರ ಬಹುಮಾನ ಚೀಟಿ ನಿಷೇಧ ಕಾಯ್ದೆಗೆ ನೇರವಾಗಿ ಸಿಕ್ಕಿಬೀಳುವಂಥದ್ದು. “ಸೈಟು ಬೇಡವಾದರೆ ಮೂರು ವರ್ಷಕ್ಕೆ ದುಪ್ಪಟ್ಟು ಕೊಡುತ್ತೇವೆ” ಎನ್ನುವುದು ಸೈಟು ಮಾರಾಟವೇ ಅಲ್ಲ, ಠೇವಣಿ ಸಂಗ್ರಹ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಆಸ್ತಿ ಮುಂಗಡಕ್ಕೆ ವಿನಾಯಿತಿ ಕೊಟ್ಟಿರುವುದು, ಆ ಹಣ ಒಪ್ಪಂದದಲ್ಲಿ ಹೇಳಿದ ಆಸ್ತಿಗೇ ಜಮೆಯಾಗುವ ಶರತ್ತಿನ ಮೇಲೆ. ವಾಪಸ್ ಕೊಡಬೇಕಾದ ದಿನದಿಂದ 15 ದಿನ ದಾಟಿದರೆ ಅದೂ ಠೇವಣಿ ಎಂದೇ ಗಣನೆಗೆ ಬರುತ್ತದೆ. ಅಂಥ ಠೇವಣಿ ಸ್ವೀಕರಿಸಿದವರಿಗೆ ಎರಡರಿಂದ ಏಳು ವರ್ಷ ಸಜೆಯಿದೆ. ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಲೂ ಬರುತ್ತದೆ. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡದೆ ಗುಂಟೆ ಲೆಕ್ಕದಲ್ಲಿ “ಫಾರ್ಮ್ ಪ್ಲಾಟ್” ಎಂದು ಮಾರುವುದನ್ನು ಮನೆಯ ಕನಸಿಗೆ ಜೋಡಿಸಿಕೊಳ್ಳಬೇಡಿ. ಅಲ್ಲಿ ಮನೆ ಕಟ್ಟಲು ನಕ್ಷೆಯೂ ಸಿಗದು, ಬ್ಯಾಂಕ್ ಗೃಹಸಾಲವೂ ಸಿಗದು.

ಗೃಹ ನಿರ್ಮಾಣ ಸಹಕಾರ ಸಂಘಗಳದ್ದು ಬೆಂಗಳೂರಿನ ಹಳೆಯ ದಾರಿ. ಸದಸ್ಯತ್ವ, ಸೈಟ್ ಠೇವಣಿ, ಹಿರಿತನದ ಪಟ್ಟಿ. ಒಳ್ಳೆಯ ಸಂಘಗಳು ಸಾವಿರಾರು ನೌಕರರಿಗೆ ಸೂರು ಕೊಟ್ಟಿವೆ. ಆದರೆ ಜಮೀನು ಸ್ವಾಧೀನ ಮಾಡಿಸಿಕೊಡುವ ಗುತ್ತಿಗೆಯನ್ನು ಎಸ್ಟೇಟ್ ಏಜೆಂಟಿಗೆ ಕೊಟ್ಟ ಸಂಘಗಳೂ ಇದ್ದವು. ಅಂಥದ್ದೊಂದು ಪ್ರಕರಣದಲ್ಲಿ ಭೂಸ್ವಾಧೀನ ರದ್ದಾದದ್ದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಆ ಹೊತ್ತಿಗೆ ಸದಸ್ಯರು ದುಡ್ಡು ಕಟ್ಟಿ ದಶಕಗಳೇ ಕಳೆದಿದ್ದವು. ಸಂಘಕ್ಕೆ ಠೇವಣಿ ಕಟ್ಟುವ ಮುಂಚೆ ಜಮೀನು ಸಂಘದ ಹೆಸರಿಗೆ ನೋಂದಣಿಯಾಗಿದೆಯೇ, ಈಚಿನ ಲೆಕ್ಕ ಪರಿಶೋಧನಾ ವರದಿಯಲ್ಲಿ ಠೇವಣಿಯ ಎದುರು ಯಾವ ಆಸ್ತಿ ತೋರಿಸಿದ್ದಾರೆ ಎಂದು ಕೇಳಿ. ಜಗಳ ಬಂದರೆ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಬಹುದು.

ಸ್ಕೀಮಿಗೆ ಸೇರದೆ ಅದೇ ಹತ್ತು ಸಾವಿರವನ್ನು ಮೂರು ವರ್ಷ ಬ್ಯಾಂಕಿನ ಆರ್.ಡಿ.ಗೆ ಹಾಕಿದರೆ, ಶೇ 6.5ರ ಬಡ್ಡಿಯಲ್ಲಿ 36 ಸಾವಿರ ದಾಟಿ ಬಡ್ಡಿ ಬರುತ್ತದೆ. ಬ್ಯಾಂಕು ಮುಳುಗಿದರೂ 5 ಲಕ್ಷದವರೆಗೆ ವಿಮೆಯಿದೆ. ಈ ಬಡ್ಡಿ, ಈ ಭದ್ರತೆ ಎರಡನ್ನೂ ಬಿಟ್ಟುಕೊಟ್ಟಿದ್ದಕ್ಕೆ ಸ್ಕೀಮು ಕೊಡಬೇಕಾದ್ದು ಒಂದೇ, ಇವತ್ತಿನ ದರ ಮೂರು ವರ್ಷ ಏರುವುದಿಲ್ಲ ಎಂಬ ಲಿಖಿತ ಮಾತು. “ಅಭಿವೃದ್ಧಿ ಶುಲ್ಕ ಕಾಲಕಾಲಕ್ಕೆ ನಿಗದಿಯಂತೆ” ಎಂಬ ಸಾಲು ಕರಾರಿನಲ್ಲಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಶುಲ್ಕ ಎಷ್ಟೆಂದು ಅಂಕಿಯಲ್ಲೇ ಬರೆಸಿ, ನೀರು, ಕರೆಂಟು, ಖಾತೆ ಖರ್ಚು ಯಾರದ್ದು ಎಂಬುದನ್ನೂ ಸೇರಿಸಿ.

ನಡುವೆ ಬಿಡಬೇಕಾಗಿ ಬಂದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಕಂತು ನಿಲ್ಲಿಸುವ ಮುಂಚೆಯೇ ಕಾರಣ ಬರೆದು ಸ್ಪೀಡ್ ಪೋಸ್ಟಿನಲ್ಲಿ ಮತ್ತು ಇಮೇಲಿನಲ್ಲಿ ಡೆವಲಪರಿಗೂ ಏಜೆಂಟಿಗೂ ಕಳಿಸಿ. ಸುಮ್ಮನೆ ನಿಲ್ಲಿಸಿದರೆ ಸುಸ್ತಿದಾರ ನೀವಾಗುತ್ತೀರಿ. ಡೆವಲಪರ್ ಗಡುವು ತಪ್ಪಿಸಿದ್ದರೆ ರೇರಾ ಕಾಯ್ದೆಯ 18ನೇ ಕಲಮಿನಡಿ ಪೂರ್ತಿ ಹಣ ಬಡ್ಡಿಸಹಿತ ವಾಪಸ್ ಕೇಳುವ ಹಕ್ಕಿದೆ. ಬಡ್ಡಿ ಸ್ಟೇಟ್ ಬ್ಯಾಂಕಿನ ಎಂ.ಸಿ.ಎಲ್.ಆರ್. (ಸಾಲದ ಬಡ್ಡಿಗೆ ಬ್ಯಾಂಕು ಆಧಾರವಾಗಿಟ್ಟುಕೊಳ್ಳುವ) ದರಕ್ಕೆ ಶೇ 2 ಸೇರಿಸಿ. ಈ ಹಕ್ಕಿಗೆ ಯಾವ ಶರತ್ತೂ ಇಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ನಿಮ್ಮ ಕಾರಣಕ್ಕೇ ಬಿಡುತ್ತಿದ್ದರೂ ಎಲ್ಲವನ್ನೂ ನುಂಗಿಹಾಕಲು ಅವರಿಗೆ ಹಕ್ಕಿಲ್ಲ. ಕರಾರಿನಲ್ಲಿ ಶೇ 20 ಮುಟ್ಟುಗೋಲು ಎಂದಿದ್ದ ಪ್ರಕರಣವೊಂದರಲ್ಲಿ ಅದನ್ನು ಬೆಲೆಯ ಶೇ 10ಕ್ಕೆ ಇಳಿಸಿದ್ದನ್ನು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ನಮ್ಮ ಲೆಕ್ಕದಲ್ಲಿ ಶೇ 10 ಎಂದರೂ 3 ಲಕ್ಷವೇ ಹೋಗುತ್ತದೆ. ಅದಕ್ಕೇ ಕರಾರಿನಲ್ಲಿ ಮುಟ್ಟುಗೋಲಿನ ಮೊತ್ತವನ್ನು ಬೆಲೆಯ ಶೇಕಡಾವಾರಾಗಿ ಬರೆಸದೆ, ಕಟ್ಟಿದ ಹಣದ ಶೇಕಡಾವಾರಾಗಿ ಬರೆಸಬೇಕು.

ವಾಪಸಾತಿಗೆ ಚೆಕ್ ಕೊಡುತ್ತಾರೆ, ಅದೂ ಮುಂದಿನ ತಾರೀಕು ಹಾಕಿ. ಚೆಕ್ ತೆಗೆದುಕೊಳ್ಳಿ, ಆದರೆ ಅಸಲು ರಸೀದಿ, ಪಾಸ್‌ಬುಕ್ ಕೊಡಬೇಡಿ. ದುಡ್ಡು ಖಾತೆಗೆ ಬಿದ್ದ ಮೇಲೆ ಕೊಡುತ್ತೇವೆ ಎನ್ನಿ, ಜೆರಾಕ್ಸ್ ಮಾತ್ರ ಕೊಡಿ. ತಾರೀಕಿನಿಂದ ಮೂರು ತಿಂಗಳೊಳಗೆ ಚೆಕ್ ಹಾಕಬೇಕು. “ಇನ್ನೊಂದ್ ವಾರ ತಡೀರಿ ಅಣ್ಣ” ಎಂಬ ಮಾತು ಕೇಳುತ್ತಾ ಆ ಮೂರು ತಿಂಗಳು ಕಳೆದುಹೋಗುವುದು ಮಾಮೂಲು. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನದಲ್ಲಿ ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ರೇರಾಕ್ಕೆ ದೂರನ್ನು ಆನ್‌ಲೈನಿನಲ್ಲೇ ಹಾಕಬಹುದು. ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಕರಾರು, ಬ್ರೋಷರ್, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ, ಜೊತೆಗೆ ಕಂತುಗಳ ಪಟ್ಟಿ ಇಡಿ. ಯೋಜನೆಗೆ ರೇರಾ ನೋಂದಣಿಯೇ ಇಲ್ಲದಿದ್ದರೂ ಅದನ್ನೇ ದೂರಿನಲ್ಲಿ ಬರೆಯಿರಿ. ಗ್ರಾಹಕ ಆಯೋಗ ಇನ್ನೊಂದು ದಾರಿ: ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು.

ಆದೇಶ ಬಂತೆಂದು ದುಡ್ಡು ಬಂದಂತಲ್ಲ. ಡೆವಲಪರ್ ಕಟ್ಟದಿದ್ದರೆ ರೇರಾ ವಸೂಲಿ ಪತ್ರ ಹೊರಡಿಸುತ್ತದೆ, ಅದು ಜಿಲ್ಲಾಧಿಕಾರಿಗಳ ಮೂಲಕ ತಹಶೀಲ್ದಾರರಿಗೆ ಹೋಗಿ ಭೂಕಂದಾಯ ಬಾಕಿಯಂತೆ ವಸೂಲಿಯಾಗಬೇಕು. ಕಡತ ನಿಂತುಬಿಡುವುದು ಇಲ್ಲೇ, ಜಪ್ತಿ ಮಾಡಲು ಯಾವ ಆಸ್ತಿ ಎಂದು ಗೊತ್ತಿಲ್ಲದೆ. ಆದ್ದರಿಂದ ರೇರಾ ಜಾಲತಾಣದಿಂದ ಆ ಯೋಜನೆಯ ಮಾರಾಟವಾಗದ ಸೈಟುಗಳ ಪಟ್ಟಿ ಇಳಿಸಿಕೊಳ್ಳಿ, ಕಾವೇರಿಯಲ್ಲಿ ಆ ಸರ್ವೆ ನಂಬರುಗಳ ಇ.ಸಿ. ತೆಗೆಯಿರಿ, ಡೆವಲಪರ್ ಹೆಸರಿನಲ್ಲಿ ಉಳಿದಿರುವ ಸೈಟುಗಳ ನಂಬರು, ಅಳತೆ, ಚಕ್ಕುಬಂದಿ ಬರೆದು ವಸೂಲಿ ಪತ್ರದ ಪ್ರತಿಯ ಜೊತೆ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.